ಕಡಲ ತಳದಲ್ಲಿ ಗ್ಯಾಸ್ ಸಿಕ್ಕ ಮೇಲೆ ಹತ್ತು ವರ್ಷ ಏನು ಮಾಡುತ್ತಾರೆ?

ಓದುಗರ ಪ್ರಶ್ನೆ: ಆಳ ಸಮುದ್ರದಲ್ಲಿ ಭಾರೀ ಗ್ಯಾಸ್ ನಿಕ್ಷೇಪ ಸಿಕ್ಕಿತು ಅಂತ ಆಗಾಗ ಸುದ್ದಿ ಬರುತ್ತದೆ. ಆಮೇಲೆ ವರ್ಷಗಟ್ಟಲೆ ಸದ್ದೇ ಇರುವುದಿಲ್ಲ. ಗ್ಯಾಸ್ ಅಂದರೆ ತಾನಾಗಿಯೇ ಮೇಲೆ ಬರುವ ವಸ್ತು. ನಾಲ್ಕು ಬಾವಿ ಕೊರೆದು ಒಂದು ಪೈಪ್ ಎಳೆದರೆ ಮುಗಿಯಿತಲ್ಲ? ಇದಕ್ಕೆ ಅಷ್ಟೊಂದು ವರ್ಷ, ಅಷ್ಟೊಂದು ದುಡ್ಡು ಯಾಕೆ? ಮನುಷ್ಯರು ಇಳಿಯಲಾಗದ ಆಳದಲ್ಲಿ ಕೆಲಸ ಮಾಡುವವರು ಯಾರು?

ಉತ್ತರ:

ಗ್ಯಾಸ್ ತಾನಾಗಿಯೇ ಮೇಲೆ ಬರುತ್ತದೆ ಅಂದಿರಿ, ಅದು ಪೂರ್ತಿ ನಿಜ. ಒಂದು ಲೆಕ್ಕ ಹೇಳುತ್ತೇನೆ. 1,500 ಮೀಟರ್ ಎತ್ತರದ ನೀರಿನ ಕಂಬ ತನ್ನ ತಳದಲ್ಲಿ ಸುಮಾರು 150 ಬಾರ್ ಒತ್ತಡ ಹಾಕುತ್ತದೆ (ಒಂದು ಬಾರ್ ಅಂದರೆ ಹೆಚ್ಚು-ಕಡಿಮೆ ನಮ್ಮ ಸುತ್ತಲ ಗಾಳಿಯ ಒತ್ತಡದಷ್ಟು). ಅದೇ ಎತ್ತರದ ಪೈಪಿನಲ್ಲಿ 100 ಬಾರ್ ಒತ್ತಡದ ಗ್ಯಾಸ್ ತುಂಬಿದ್ದರೆ ಅದರ ಸ್ವಂತ ಭಾರ ಹತ್ತು-ಹದಿನೈದು ಬಾರ್ ದಾಟುವುದಿಲ್ಲ. ಅಂದರೆ ಸಮುದ್ರ ಎಷ್ಟೇ ಆಳವಿರಲಿ, ಗ್ಯಾಸ್‌ಗೆ ಮೇಲೇರುವುದು ದೊಡ್ಡ ಕೆಲಸವೇ ಅಲ್ಲ. ಕಚ್ಚಾ ತೈಲಕ್ಕೆ ಈ ಅದೃಷ್ಟ ಇಲ್ಲ.

ಕಷ್ಟ ಇರುವುದು ಬಾವಿಯ ಬಾಯಿಂದ ದಡದವರೆಗಿನ ದಾರಿಯಲ್ಲಿ. ಆ ದಾರಿ ಕತ್ತಲು, ತಣ್ಣಗೆ, ಉದ್ದ. ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿದೆ. ಆ ದಾರಿಯ ಅಗಲ ಎಷ್ಟಿರಬೇಕು ಅನ್ನುವುದನ್ನು ನೆಲದಡಿ ಎಷ್ಟು ಗ್ಯಾಸ್ ಇದೆ ಅಂತ ಸರಿಯಾಗಿ ತಿಳಿಯುವ ಮೊದಲೇ ತೀರ್ಮಾನಿಸಬೇಕು. ನಾನು ಈ ಕೆಲಸದಲ್ಲಿ ಇಪ್ಪತ್ತು ವರ್ಷದ ಮೇಲೆ ಕಳೆದಿದ್ದೇನೆ, ಅದರಲ್ಲಿ ಹೆಚ್ಚಿನ ಕಾಲ ಪೈಪಿನೊಳಗೆ ಏನು ಹರಿಯುತ್ತದೆ, ಯಾಕೆ ನಿಲ್ಲುತ್ತದೆ ಅನ್ನುವ ಲೆಕ್ಕದಲ್ಲೇ. ಹಾಗಾಗಿ ಉತ್ತರವೂ ಸ್ವಲ್ಪ ಪೈಪಿನ ಕಡೆ ವಾಲಿದರೆ ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಆ ಹತ್ತು ವರ್ಷದ ವಿಷಯ. ಅದೇನೂ ನಿಯಮವಲ್ಲ. ಈಜಿಪ್ಟಿನ ಕಡಲಲ್ಲಿ ಸುಮಾರು 1,450 ಮೀಟರ್ ನೀರಿನಡಿ ಇರುವ ಜೋರ್ ಕ್ಷೇತ್ರ ಸಿಕ್ಕಿದ್ದು 2015ರ ಆಗಸ್ಟ್‌ನಲ್ಲಿ. 2017ರ ಡಿಸೆಂಬರ್‌ಗೆ ಗ್ಯಾಸ್ ದಡ ಸೇರಿತ್ತು. ಕಪ್ಪು ಸಮುದ್ರದಲ್ಲಿ ಟರ್ಕಿಯ ಸಕಾರ್ಯ ಇದಕ್ಕಿಂತ ಆಳ, ಸುಮಾರು 2,100 ಮೀಟರ್. ಅದು ಸಿಕ್ಕಿದ್ದು 2020ರಲ್ಲಿ, ಗ್ಯಾಸ್ ಬಂದಿದ್ದು 2023ರ ಏಪ್ರಿಲ್‌ನಲ್ಲಿ. ಇನ್ನೊಂದು ಕಡೆ ನಾರ್ವೆಯ ಓರ್ಮೆನ್ ಲಾಂಗೆ ನೋಡಿ. ಅದಕ್ಕೆ 1997ರಿಂದ 2007ರವರೆಗೆ ಸರಿಯಾಗಿ ಹತ್ತು ವರ್ಷ ಹಿಡಿಯಿತು. ಸೈಪ್ರಸ್‌ನ ಅಫ್ರೊಡೈಟಿ 2011ರಲ್ಲೇ ಸಿಕ್ಕಿದೆ. ಹತ್ತು ವರ್ಷ ಕಳೆದು ಇನ್ನೂ ಮೂರು ವರ್ಷ ಆದರೂ ಅಲ್ಲಿಂದ ಒಂದು ಘನ ಮೀಟರ್ ಗ್ಯಾಸೂ ಮಾರಾಟವಾಗಿರಲಿಲ್ಲ.

ಜೋರ್, ಅಫ್ರೊಡೈಟಿ ಎರಡರ ಆಳ ಹೆಚ್ಚು-ಕಡಿಮೆ ಒಂದೇ, ತಂತ್ರಜ್ಞಾನವೂ ಒಂದೇ. ಮತ್ತೆ ವ್ಯತ್ಯಾಸ ಎಲ್ಲಿಂದ ಬಂತು? ಜೋರ್ ಸಿಕ್ಕ ವರ್ಷ ಈಜಿಪ್ಟ್ ಹೊರಗಿನಿಂದ ಎಲ್‌ಎನ್‌ಜಿ, ಅಂದರೆ ದ್ರವ ಮಾಡಿದ ಗ್ಯಾಸ್, ತರಿಸಿಕೊಳ್ಳಲು ಶುರು ಮಾಡಿತ್ತು. ದೇಶದಲ್ಲಿ ಗ್ಯಾಸ್ ಸಾಲುತ್ತಿರಲಿಲ್ಲ. ದಡದಲ್ಲಿ ಪೈಪ್ ಜಾಲ ಮೊದಲೇ ಇತ್ತು, ಬಂದಷ್ಟನ್ನು ಕೊಳ್ಳುವವರು ಕಾದು ಕುಳಿತಿದ್ದರು. ಅಫ್ರೊಡೈಟಿಯ ಗ್ಯಾಸ್‌ಗೆ ಅಂಥ ಮನೆ ಇರಲಿಲ್ಲ. ಸೈಪ್ರಸ್ ಸಣ್ಣ ದ್ವೀಪ, ಅದೊಂದೇ ಅಷ್ಟು ಗ್ಯಾಸ್ ಸುಡಲಾರದು. ಯಾವ ದೇಶಕ್ಕೆ ಒಯ್ಯಬೇಕು, ಯಾವ ದಾರಿಯಲ್ಲಿ, ಯಾವ ಬೆಲೆಗೆ ಅನ್ನುವ ಮಾತುಕತೆಯಲ್ಲೇ ವರ್ಷಗಳು ಹೋದವು. ಸಾಲದ್ದಕ್ಕೆ ಕ್ಷೇತ್ರದ ಒಂದು ತುದಿ ಪಕ್ಕದ ಇಸ್ರೇಲ್ ಗಡಿಯೊಳಗೆ ಚಾಚಿಕೊಂಡಿದೆ.

ತೈಲಕ್ಕೂ ಗ್ಯಾಸ್‌ಗೂ ಇರುವ ಮೂಲ ವ್ಯತ್ಯಾಸ ಇದೇ. ತೈಲ ಸಿಕ್ಕರೆ ಒಂದು ದೊಡ್ಡ ಹಡಗು ತಂದು ನಿಲ್ಲಿಸಿ, ಅದರ ಹೊಟ್ಟೆಯಲ್ಲಿ ತುಂಬಿಸಿಕೊಂಡು, ಟ್ಯಾಂಕರ್ ಬಂದಾಗ ಕೊಟ್ಟು ಕಳಿಸಬಹುದು. ಈ ವಾರ ಒಬ್ಬರಿಗೆ, ಮುಂದಿನ ವಾರ ಇನ್ನೊಬ್ಬರಿಗೆ. ಗ್ಯಾಸನ್ನು ಹಾಗೆ ಡಬ್ಬಿಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ. ಒಂದೋ ಪೈಪ್ ಹಾಕಬೇಕು. ಇಲ್ಲ, ಮೈನಸ್ 162 ಡಿಗ್ರಿಗೆ ತಣ್ಣಗೆ ಮಾಡಿ, ಗಾತ್ರವನ್ನು ಆರುನೂರನೇ ಒಂದು ಪಾಲಿಗೆ ಇಳಿಸಿ, ದ್ರವ ಮಾಡಿ ಹಡಗಿಗೆ ತುಂಬಬೇಕು. ಎರಡಕ್ಕೂ ನೂರಾರು ಕೋಟಿ ಡಾಲರ್ ಬೇಕು. ಅಷ್ಟು ಸಾಲ ಕೊಡುವ ಬ್ಯಾಂಕು ಕೇಳುವ ಮೊದಲ ಪ್ರಶ್ನೆ: ಹದಿನೈದು-ಇಪ್ಪತ್ತು ವರ್ಷ ಕೊಳ್ಳುತ್ತೇನೆ ಅಂತ ಸಹಿ ಹಾಕಿದವರು ಯಾರು? ಆ ಸಹಿ ಬೀಳುವವರೆಗೆ ಕಡಲಲ್ಲಿ ಒಂದು ಬೋಲ್ಟ್ ಕೂಡ ತಿರುಗುವುದಿಲ್ಲ. ಸುದ್ದಿಯಲ್ಲಿ ಸದ್ದಿಲ್ಲದ ವರ್ಷಗಳಲ್ಲಿ ಬಹುಪಾಲು ಇದಕ್ಕೇ ಹೋಗುತ್ತದೆ.

ದ್ರವ ಮಾಡುವ ಕಾರ್ಖಾನೆಯನ್ನೇ ಕಡಲ ಮೇಲೆ ತೇಲಿಸುವ ದಾರಿಯೂ ಈಗ ಇದೆ. ಮೊಜಾಂಬಿಕ್‌ನಲ್ಲಿ ಸುಮಾರು 2,000 ಮೀಟರ್ ನೀರಿನ ಮೇಲೆ ಕೋರಲ್ ಸುಲ್ ಅನ್ನುವ ತೇಲುವ ಘಟಕ 2022ರಲ್ಲಿ ಮೊದಲ ಹಡಗು ತುಂಬಿ ಕಳಿಸಿತು. ಆಸ್ಟ್ರೇಲಿಯಾದ ಪ್ರಿಲ್ಯೂಡ್ 488 ಮೀಟರ್ ಉದ್ದ. ಸೆನೆಗಲ್ ಮತ್ತು ಮಾರಿಟೇನಿಯಾ ಗಡಿಯ ಮೇಲೆಯೇ ಕುಳಿತಿರುವ ಟೋರ್ಟು ಕ್ಷೇತ್ರದಲ್ಲಿ ನೀರಿನ ಆಳ 2,850 ಮೀಟರ್‌ವರೆಗೆ ಹೋಗುತ್ತದೆ. ಅಲ್ಲೂ ದ್ರವ ಮಾಡುವುದು ದಡದ ಹತ್ತಿರ ತೇಲುವ ಘಟಕದಲ್ಲೇ. ಅಲ್ಲಿ 2015ರಲ್ಲಿ ಗ್ಯಾಸ್ ಸಿಕ್ಕ ಮೇಲೆ ಎರಡೂ ದೇಶ ಕೂತು ಹಂಚಿಕೆಯ ಒಪ್ಪಂದ ಮಾಡಿಕೊಂಡಿದ್ದು 2018ರಲ್ಲಿ. ಅಣ್ಣತಮ್ಮಂದಿರು ಜಮೀನನ್ನಾದರೆ ಗೆರೆ ಎಳೆದು ಪಾಲು ಮಾಡಿಕೊಳ್ಳಬಹುದು, ನೆಲದಡಿ ಯಾರ ಪಾಲು ಎಷ್ಟು ಅಂತ ಗೆರೆ ಎಳೆಯಲು ಆಗುವುದಿಲ್ಲ. ಯಾರು ಮೊದಲು ಬಾವಿ ತೋಡಿದರೂ ಪಕ್ಕದವರದ್ದೂ ಹರಿದು ಬರುತ್ತದೆ.

ಸರಿ, ಕೊಳ್ಳುವವರು ಸಿಕ್ಕರು ಅನ್ನೋಣ. ಈಗ ನೆಲದಡಿ ಏನಿದೆ ಅನ್ನುವ ಪ್ರಶ್ನೆ. ಶಬ್ದದ ಅಲೆ ಕಳಿಸಿ, ಅದರ ಪ್ರತಿಧ್ವನಿಯಿಂದ ತೆಗೆದ ಚಿತ್ರ ಕೈಯಲ್ಲಿರುತ್ತದೆ. ಮೊದಲ ಬಾವಿ ಇರುತ್ತದೆ, ಅಂದರೆ ಊರಗಲದ ನಿಕ್ಷೇಪಕ್ಕೆ ಒಂದು ಅಂಗೈಯಗಲದ ತೂತು. ಅಕ್ಕಪಕ್ಕದಲ್ಲಿ ಇನ್ನೂ ಎರಡು-ಮೂರು ಬಾವಿ ಕೊರೆದು ನೋಡುತ್ತಾರೆ. ಎಲ್ಲದರಲ್ಲೂ ಗ್ಯಾಸ್ ಕಂಡರೂ ಅವು ಒಂದೇ ಕೆರೆಯೋ ಅಥವಾ ನಡುವೆ ಗೋಡೆ ಇರುವ ಹತ್ತು ಹೊಂಡಗಳೋ ಅಂತ ಗೊತ್ತಾಗುವುದಿಲ್ಲ. ಕೆಲವು ದಿನ ಬಾವಿಯನ್ನು ಹರಿಯಬಿಟ್ಟು ಒತ್ತಡ ಹೇಗೆ ಇಳಿಯುತ್ತದೆ ಅಂತ ಅಳೆದರೆ ಸ್ವಲ್ಪ ಸುಳಿವು ಸಿಗುತ್ತದೆ. ನಿಜವಾದ ಉತ್ತರ ಸಿಗುವುದು ಒಂದೆರಡು ವರ್ಷ ಉತ್ಪಾದನೆ ನಡೆದ ಮೇಲೆಯೇ. ಅಷ್ಟರಲ್ಲಿ ಪೈಪ್ ಹಾಕಿ ಆಗಿರುತ್ತದೆ!

ಬಾವಿ ಕೊರೆಯುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ಬೇರೆಯವರ ಕಸುಬು. ಒಂದು ಮಾತು ಮಾತ್ರ. ಕೊರೆಯುವಾಗ ತೂತಿನ ತುಂಬ ಭಾರವಾದ ಕೆಸರಿನಂಥ ದ್ರವ ತುಂಬಿರುತ್ತಾರೆ, ಅದಕ್ಕೆ ಮಡ್ ಅಂತಲೇ ಹೆಸರು. ಅದು ಹಗುರವಾದರೆ ಕೆಳಗಿನ ಗ್ಯಾಸ್ ನುಗ್ಗುತ್ತದೆ. ಭಾರವಾದರೆ ಸುತ್ತಲ ಬಂಡೆ ಸೀಳಿ ಮಡ್ಡೇ ಸೋರಿಹೋಗುತ್ತದೆ. ನೆಲದ ಮೇಲಾದರೆ ಈ ಎರಡರ ನಡುವೆ ಸಾಕಷ್ಟು ಜಾಗ ಇರುತ್ತದೆ. ಆಳ ಸಮುದ್ರದಲ್ಲಿ ಮೇಲಿನ ಒಂದೂವರೆ ಕಿಲೋಮೀಟರ್ ಬಂಡೆಯ ಬದಲು ಬರೀ ನೀರು. ನೀರಿಗೆ ಬಂಡೆಯ ಅರ್ಧದಷ್ಟೂ ಭಾರವಿಲ್ಲ. ಹಾಗಾಗಿ ಕೆಳಗಿನ ಮಣ್ಣು ಸರಿಯಾಗಿ ಒತ್ತಿಕೊಂಡಿರುವುದಿಲ್ಲ, ಬೇಗ ಸೀಳುತ್ತದೆ. ನಡುವಿನ ಜಾಗ ಕಿರಿದಾಗುತ್ತದೆ. ಸ್ವಲ್ಪ ಕೊರೆದು ಕೇಸಿಂಗ್ ಅನ್ನುವ ಉಕ್ಕಿನ ಕೊಳವೆ ಇಳಿಸಿ, ಸಿಮೆಂಟ್ ಹಾಕಿ, ಮತ್ತೆ ಸ್ವಲ್ಪ ಕೊರೆದು ಇನ್ನೊಂದು ಇಳಿಸಿ, ಹೀಗೆ ಹೋಗಬೇಕು. ಈ ಕೆಲಸ ಮಾಡುವ ಡ್ರಿಲ್‌ಶಿಪ್‌ನ ಒಂದು ದಿನದ ಬಾಡಿಗೆ ನಾಲ್ಕೈದು ಲಕ್ಷ ಡಾಲರ್ ಮುಟ್ಟುವುದುಂಟು. ಲಂಗರು ಹಾಕುವಷ್ಟು ಮೇಲೆ ತಳ ಇಲ್ಲ. ಆದ್ದರಿಂದ ಉಪಗ್ರಹದ ಸೂಚನೆ ನೋಡಿಕೊಂಡು, ಸುತ್ತಲಿನ ಪ್ರೊಪೆಲ್ಲರ್‌ಗಳನ್ನು ತಿರುಗಿಸುತ್ತಾ ಹಡಗು ನಿಂತಲ್ಲೇ ನಿಂತಿರುತ್ತದೆ.

ಕೆಳಗೆ ಕೆಲಸ ಮಾಡುವವರು ಯಾರು ಅಂತ ಕೇಳಿದಿರಿ. ಯಾರೂ ಇಲ್ಲ. ಮುಳುಗುಗಾರರ ದೈನಂದಿನ ಕೆಲಸ ಸುಮಾರು 300 ಮೀಟರ್‌ಗೆ ಮುಗಿಯುತ್ತದೆ. ಅದರ ಕೆಳಗೆ ಎಲ್ಲವೂ ಆರ್‌ಒವಿ ಅನ್ನುವ ಯಂತ್ರಗಳದ್ದೇ. ನೋಡಲು ಒಂದು ಸಣ್ಣ ವ್ಯಾನಿನ ಗಾತ್ರ, ಎರಡು ಕೈ, ನಾಲ್ಕಾರು ಕ್ಯಾಮೆರಾ, ಮೇಲಿನ ಹಡಗಿಗೆ ಒಂದು ಕೇಬಲ್. ಹಡಗಿನ ಕ್ಯಾಬಿನ್‌ನಲ್ಲಿ ಕುರ್ಚಿಯ ಮೇಲೆ ಕುಳಿತವರು ಜಾಯ್‌ಸ್ಟಿಕ್ ಹಿಡಿದು ಅದನ್ನು ನಡೆಸುತ್ತಾರೆ. ನೆಲದ ಮೇಲೆ ಹತ್ತು ನಿಮಿಷದಲ್ಲಿ ಕೈಯಿಂದ ತಿರುಗಿಸುವ ಒಂದು ವಾಲ್ವ್‌ಗೆ ಅಲ್ಲಿ ಅರ್ಧ ದಿನ ಹೋದರೆ ಆಶ್ಚರ್ಯವಿಲ್ಲ. ತಳದ ಕೆಸರು ಎದ್ದರೆ ಕ್ಯಾಮೆರಾಕ್ಕೆ ಏನೂ ಕಾಣುವುದಿಲ್ಲ, ಕಾಯಬೇಕು. ಅದಕ್ಕೇ ಕೆಳಗೆ ಇಡುವ ಪ್ರತಿಯೊಂದು ಸಾಮಾನನ್ನೂ ಇಪ್ಪತ್ತು ವರ್ಷ ಯಾರೂ ಮುಟ್ಟದೆ ನಡೆಯಬೇಕು ಅನ್ನುವ ಹಾಗೆ ಮಾಡುತ್ತಾರೆ. ಬೆಲೆಯೂ ಹಾಗೆಯೇ ಇರುತ್ತದೆ.

ಬಾವಿಯ ಬಾಯಿಯ ಮೇಲೆ ಕೂರುವ ವಾಲ್ವ್‌ಗಳ ಗುಡ್ಡೆಗೆ ಕ್ರಿಸ್ಮಸ್ ಟ್ರೀ ಅಂತ ಹೆಸರು. ಹಲವು ಬಾವಿಗಳ ಗ್ಯಾಸ್ ಬಂದು ಸೇರುವ ಜಾಗ ಮ್ಯಾನಿಫೋಲ್ಡ್. ಅಲ್ಲಿಂದ ದೊಡ್ಡ ಪೈಪ್ ದಡದ ಕಡೆ ಹೊರಡುತ್ತದೆ. ಅದರ ಪಕ್ಕದಲ್ಲೇ ದಡದಿಂದ ಬಾವಿಯ ಕಡೆಗೆ ಇನ್ನೊಂದು ಹಗ್ಗದಂಥದ್ದು ಬರುತ್ತದೆ, ಅದು ಅಂಬಿಲಿಕಲ್. ಹೆಸರೇ ಹೇಳುವಂತೆ ಹೊಕ್ಕುಳ ಬಳ್ಳಿ. ಕರೆಂಟು, ಸಂಕೇತ, ವಾಲ್ವ್ ತೆರೆಯುವ ಎಣ್ಣೆ, ರಾಸಾಯನಿಕ ಎಲ್ಲವೂ ಅದರೊಳಗಿನ ಸಣ್ಣ ಸಣ್ಣ ಕೊಳವೆ, ತಂತಿಗಳಲ್ಲಿ ಹೋಗುತ್ತವೆ. ಅಂದರೆ ಗ್ಯಾಸ್ ಕ್ಷೇತ್ರದ ಮೇಲೆ ನೀವು ದೋಣಿಯಲ್ಲಿ ಹೋದರೆ ಕಾಣುವುದು ಬರೀ ನೀರು. ಓರ್ಮೆನ್ ಲಾಂಗೆಯಲ್ಲಿ ನೀರಿನ ಮೇಲೆ ನಿಲ್ಲಿಸುವ ಪ್ಲಾಟ್‌ಫಾರ್ಮೇ ಇಲ್ಲ. 120 ಕಿ.ಮೀ. ದೂರದ ನೈಹಾಮ್ನಾ ಘಟಕದಿಂದ ಎಲ್ಲವನ್ನೂ ನಡೆಸುತ್ತಾರೆ.

ಈಗ ನನ್ನ ಕಸುಬಿಗೆ ಬರುತ್ತೇನೆ.

ನೆಲದಡಿಯಿಂದ ಬರುವ ಗ್ಯಾಸ್ ಒಣಗಿರುವುದಿಲ್ಲ. ಅದರ ಜೊತೆ ನೀರಿನ ಆವಿ ಇರುತ್ತದೆ. ಬಿಸಿಯಾಗಿ ಹೊರಟ ಗ್ಯಾಸ್ ಕಡಲ ತಳದ ಪೈಪಿನಲ್ಲಿ ಇಪ್ಪತ್ತು-ಮೂವತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಹೊರಗಿನ ನೀರಿನಷ್ಟೇ ತಣ್ಣಗಾಗುತ್ತದೆ. ಹೆಚ್ಚಿನ ಸಮುದ್ರಗಳ ತಳದಲ್ಲಿ ಅದು ಸುಮಾರು 4 ಡಿಗ್ರಿ. ಓರ್ಮೆನ್ ಲಾಂಗೆಯಲ್ಲಿ ಸೊನ್ನೆಗಿಂತ ಕೆಳಗೆ. ತಣ್ಣಗಾದ ಕೂಡಲೇ ಆವಿ ನೀರಾಗುತ್ತದೆ. ಒತ್ತಡದಲ್ಲಿರುವ ಮೀಥೇನ್, ತಣ್ಣನೆಯ ನೀರು ಎರಡೂ ಒಂದೇ ಕಡೆ ಸೇರಿದರೆ ಹೈಡ್ರೇಟ್ ಕಟ್ಟುತ್ತದೆ. ನೋಡಲು ಹಿಮದ ಹಾಗೆ. ನೀರಿನ ಕಣಗಳು ಪಂಜರ ಕಟ್ಟಿ ಒಳಗೆ ಗ್ಯಾಸನ್ನು ಹಿಡಿದಿಟ್ಟುಕೊಂಡಿರುತ್ತವೆ. ಒಂದು ಘನ ಮೀಟರ್ ಹೈಡ್ರೇಟ್ ಕರಗಿದರೆ 160 ಘನ ಮೀಟರ್‌ಗೂ ಜಾಸ್ತಿ ಗ್ಯಾಸ್ ಬಿಡುತ್ತದೆ. ಬೆಂಕಿ ಹಚ್ಚಿದರೆ ಉರಿಯುವ ಮಂಜುಗಡ್ಡೆ.

ಇದರ ಕೆಟ್ಟ ಗುಣ ಏನೆಂದರೆ, ಕಟ್ಟಿಕೊಳ್ಳಲು ಸೊನ್ನೆ ಡಿಗ್ರಿ ಬೇಕಿಲ್ಲ. ಒತ್ತಡ 100 ಬಾರ್ ಮೇಲಿದ್ದರೆ ಸಾಮಾನ್ಯ ನೈಸರ್ಗಿಕ ಅನಿಲಕ್ಕೆ ಹದಿನೈದು ಡಿಗ್ರಿಯಲ್ಲೂ ಕಟ್ಟುತ್ತದೆ. ಮೆಡಿಟರೇನಿಯನ್ ತಳ ಬೇರೆ ಸಮುದ್ರಗಳಿಗಿಂತ ಬೆಚ್ಚಗೆ, 13-14 ಡಿಗ್ರಿ. ಅಲ್ಲೂ ಇದರ ಕಾಟ ತಪ್ಪಿಲ್ಲ. ಮೆಕ್ಸಿಕೋ ಕೊಲ್ಲಿಯಲ್ಲಿ 2010ರಲ್ಲಿ ಡೀಪ್‌ವಾಟರ್ ಹೊರೈಜನ್ ರಿಗ್ ಸ್ಫೋಟವಾಗಿ 11 ಜನ ಸತ್ತರು, ಬಾವಿ ಕಡಲಿಗೆ ಸೋರತೊಡಗಿತು. ಆ ಸೋರಿಕೆಯ ಮೇಲೆ ಒಂದು ದೊಡ್ಡ ಉಕ್ಕಿನ ಗುಡಾರ ಕವುಚಿ ತೈಲ ಹಿಡಿಯಲು ಹೋದರಲ್ಲ, ನೆನಪಿದೆಯಾ? ಅದು ಸೋತಿದ್ದು ಈ ಹೈಡ್ರೇಟ್‌ನಿಂದಲೇ. ಸೋರುತ್ತಿದ್ದ ಗ್ಯಾಸ್ 1,500 ಮೀಟರ್ ಆಳದ ತಣ್ಣೀರಿಗೆ ಸಿಕ್ಕಿ ಗುಡಾರದೊಳಗೆ ಹಿಮವಾಗಿ ಕಟ್ಟಿ ದಾರಿ ಮುಚ್ಚಿತು.

ಪೈಪಿಗೆ ಬೆಚ್ಚಗೆ ಹೊದಿಕೆ ಹಾಕಬಾರದೇ ಅಂತ ನೀವು ಕೇಳಬಹುದು. ತೈಲಕ್ಕೆ ಹಾಗೇ ಮಾಡುತ್ತಾರೆ. ಗ್ಯಾಸ್‌ನಲ್ಲಿ ಹಿಡಿದಿಟ್ಟುಕೊಳ್ಳುವಷ್ಟು ಶಾಖವೇ ಇರುವುದಿಲ್ಲ, ನೂರು ಕಿಲೋಮೀಟರ್‌ಗೆ ಹೊದಿಕೆ ಹೊದಿಸಿ ಉಪಯೋಗವಿಲ್ಲ. ಅದಕ್ಕೇ ಗ್ಲೈಕಾಲ್. ಕಾರಿನ ರೇಡಿಯೇಟರ್‌ಗೆ ಹಾಕುವ ಕೂಲೆಂಟ್‌ನಲ್ಲಿ ಇರುತ್ತದಲ್ಲ, ಅದೇ ವಸ್ತು. ದಡದಿಂದ ಸಣ್ಣ ಪೈಪಿನಲ್ಲಿ ಅದನ್ನು ಬಾವಿಯ ಬಾಯಿಗೆ ತಳ್ಳುತ್ತಾರೆ. ಅಲ್ಲಿ ಅದು ಗ್ಯಾಸ್ ಜೊತೆ ಸೇರಿ, ನೀರನ್ನು ಹಿಡಿದುಕೊಂಡು, ದೊಡ್ಡ ಪೈಪಿನಲ್ಲಿ ದಡಕ್ಕೆ ವಾಪಸ್ ಬರುತ್ತದೆ. ದಡದಲ್ಲಿ ಕುದಿಸಿ ನೀರು ತೆಗೆದು ಮತ್ತೆ ಕಳಿಸುತ್ತಾರೆ. ಇಪ್ಪತ್ತು ವರ್ಷ ಇದೇ ಸುತ್ತು.

ಒಮ್ಮೆ ನಾನು ಕೆಲಸ ಮಾಡುತ್ತಿದ್ದ ಕಡೆ ಗ್ಲೈಕಾಲ್ ಪಂಪು ರಾತ್ರಿ ಕೆಲವು ಗಂಟೆ ಕೆಟ್ಟಿತು. ಮೀಟರ್ ಮಾತ್ರ ಹರಿಯುತ್ತಿದೆ ಅಂತ ತೋರಿಸುತ್ತಲೇ ಇತ್ತು. ಬೆಳಗ್ಗೆ ಹೊತ್ತಿಗೆ ಪೈಪಿನ ಎರಡು ತುದಿಯ ಒತ್ತಡದಲ್ಲಿ ವ್ಯತ್ಯಾಸ ಏರತೊಡಗಿತು. ನಮ್ಮ ಕೆಲಸದಲ್ಲಿ ಎದೆ ಝಲ್ಲೆನ್ನುವ ಗಳಿಗೆ ಅಂದರೆ ಅದೇ. ಹೈಡ್ರೇಟ್ ಕಟ್ಟಿದರೆ ಕರಗಿಸುವುದು ಒತ್ತಡ ಇಳಿಸಿ. ಅದನ್ನೂ ಎರಡೂ ಕಡೆಯಿಂದ ಸಮನಾಗಿ ಇಳಿಸಬೇಕು. ಒಂದೇ ಕಡೆಯಿಂದ ಇಳಿಸಿದರೆ ಬಿರಡೆ ಸಡಿಲವಾಗಿ ಗುಂಡಿನ ಹಾಗೆ ಪೈಪಿನೊಳಗೆ ಹಾರುತ್ತದೆ. ಮುಂದಿನ ತಿರುವನ್ನು ಒಡೆದು ಆಚೆ ಬರುವಷ್ಟು ವೇಗ ಅದಕ್ಕೆ ಇರುತ್ತದೆ. ಅವಸರ ಮಾಡಿ ಜೀವ ಕಳೆದುಕೊಂಡವರೂ ಇದ್ದಾರೆ. ನಾವು ಸುಮ್ನೆ ಕೂತು ಕಾದೆವು. ಹನ್ನೊಂದು ದಿನ. ದಿನಾ ಬೆಳಗ್ಗೆ ಅದೇ ಎರಡು ಅಂಕಿ ನೋಡುವುದು, ಟೀ ಕುಡಿಯುವುದು, ಮೇಲಿನವರ ಫೋನಿಗೆ ಉತ್ತರ ಕೊಡುವುದು.

ಇಷ್ಟಾದ ಮೇಲೆ ಪೈಪಿನ ಅಗಲದ ಪ್ರಶ್ನೆ. ಎಲ್ಲರಿಗೂ ಮೊದಲು ತೋಚುವುದು, ದೊಡ್ಡದೇ ಹಾಕಿಬಿಡೋಣ ಅಂತ. ದೊಡ್ಡ ಪೈಪಿನಲ್ಲಿ ತಿಕ್ಕಾಟ ಕಡಿಮೆ, ಒತ್ತಡ ಉಳಿಯುತ್ತದೆ. ಉಳಿದ ಒತ್ತಡ ಅಂದರೆ ಉಳಿದ ದುಡ್ಡು. ಆದರೆ ಪೈಪಿನಲ್ಲಿ ಗ್ಯಾಸ್ ಒಂದೇ ಹೋಗುತ್ತಿಲ್ಲ. ನೀರು, ಗ್ಲೈಕಾಲ್, ಸ್ವಲ್ಪ ತೆಳು ಎಣ್ಣೆ ಎಲ್ಲವೂ ಜೊತೆಗೆ ಇವೆ. ಅವನ್ನು ತಳ್ಳಿಕೊಂಡು ಹೋಗುವುದು ಗ್ಯಾಸ್‌ನ ವೇಗ. ಮೊದಲ ಕೆಲವು ವರ್ಷ ಹರಿವು ಜೋರಾಗಿದ್ದಾಗ ಎಲ್ಲವೂ ಚೆನ್ನಾಗಿರುತ್ತದೆ. ನಿಕ್ಷೇಪದ ಒತ್ತಡ ಇಳಿದು ಹರಿವು ಕಡಿಮೆಯಾದ ಮೇಲೆ ಅದೇ ದೊಡ್ಡ ಪೈಪಿನಲ್ಲಿ ಗ್ಯಾಸ್ ನಿಧಾನವಾಗಿ ಸುಳಿಯುತ್ತದೆ. ದ್ರವ ಹಿಂದೆ ಉಳಿಯುತ್ತದೆ. ಕಡಲ ತಳ ಸಮತಟ್ಟಲ್ಲ, ಏರುಗಳ ಬುಡದಲ್ಲೆಲ್ಲ ದ್ರವ ಮಡುಗಟ್ಟುತ್ತದೆ. ಹಿಂದೆ ಗ್ಯಾಸ್ ಒತ್ತಡ ಕೂಡುತ್ತಾ ಹೋಗಿ, ಒಂದು ದಿನ ಆ ಮಡುವನ್ನೆಲ್ಲ ಒಟ್ಟಿಗೆ ಎತ್ತಿ ದಡಕ್ಕೆ ಎಸೆಯುತ್ತದೆ. ಇದಕ್ಕೆ ಸ್ಲಗ್ ಅನ್ನುತ್ತಾರೆ. ದಡದ ಘಟಕದ ಮುಂದೆ ಉದ್ದುದ್ದ ದಪ್ಪ ಪೈಪುಗಳ ಸಾಲು ಮಲಗಿಸಿರುತ್ತಾರಲ್ಲ, ಅದು ಈ ಎಸೆತವನ್ನು ಹಿಡಿಯುವುದಕ್ಕೆ, ಸ್ಲಗ್ ಕ್ಯಾಚರ್.

ಹಾಗಾದರೆ ಸಣ್ಣ ಪೈಪ್? ಮುದಿ ವಯಸ್ಸಿಗೆ ಅದು ಒಳ್ಳೆಯದು, ಯೌವನಕ್ಕೆ ಕತ್ತು ಹಿಸುಕಿದ ಹಾಗೆ. ಅನುಭವಸ್ಥರು ಮಾಡುವ ಉಪಾಯ, ಒಂದು ದೊಡ್ಡದರ ಬದಲು ಎರಡು ಮಧ್ಯಮ ಗಾತ್ರದ ಪೈಪ್ ಹಾಕುವುದು. ಹರಿವು ಕಡಿಮೆಯಾದಾಗ ಒಂದನ್ನು ಮುಚ್ಚಿ, ಇನ್ನೊಂದರಲ್ಲೇ ವೇಗವಾಗಿ ಕಳಿಸಬಹುದು. ಓರ್ಮೆನ್ ಲಾಂಗೆಯಿಂದ ದಡಕ್ಕೆ 30 ಇಂಚಿನ ಎರಡು ಪೈಪ್ ಇವೆ. ಇಸ್ರೇಲ್‌ನ ತಮಾರ್ ಕ್ಷೇತ್ರದಿಂದ 16 ಇಂಚಿನ ಎರಡು ಪೈಪ್ ಸುಮಾರು 150 ಕಿ.ಮೀ. ದೂರದ ಪ್ಲಾಟ್‌ಫಾರ್ಮಿಗೆ ಬರುತ್ತವೆ. ಐದೇ ಬಾವಿಯಿಂದ 2013ರಲ್ಲಿ ಶುರುವಾದ ಕ್ಷೇತ್ರ ಅದು. ಒಂದೊಂದು ಬಾವಿಗೂ ದಿನಕ್ಕೆ ಸುಮಾರು 70 ಲಕ್ಷ ಘನ ಮೀಟರ್ ಕೊಡುವ ಶಕ್ತಿ. ಪೈಪಿನ ಇಂಚುಗಳನ್ನು ತೀರ್ಮಾನಿಸುವ ಆ ಸಭೆಗಳಲ್ಲಿ ನಾನು ಕೂತಿದ್ದೇನೆ. ನೆಲದಡಿಯ ಲೆಕ್ಕದವರು "ಇಷ್ಟಿರಬಹುದು, ಅಥವಾ ಇದರ ಅರ್ಧ ಇರಬಹುದು" ಅನ್ನುತ್ತಾರೆ. ಉಕ್ಕಿನ ಕಾರ್ಖಾನೆಗೆ ಮಾತ್ರ "ಇರಬಹುದು" ಅಂತ ಆರ್ಡರ್ ಕೊಡಲು ಆಗುವುದಿಲ್ಲ. ನಿಮ್ಮ ಪ್ರಶ್ನೆಗೆ ಒಂದೇ ವಾಕ್ಯದ ಉತ್ತರ ಬೇಕು ಅಂದರೆ ನಾನು ಆ ಸಭೆಯನ್ನೇ ತೋರಿಸುತ್ತೇನೆ.

ಪೈಪ್ ಹಾಸುವುದೂ ಸುಲಭವಲ್ಲ. ಹನ್ನೆರಡು ಮೀಟರ್ ತುಂಡುಗಳನ್ನು ಹಡಗಿನ ಮೇಲೆ ಬೆಸುಗೆ ಹಾಕುತ್ತಾ ಹಿಂದಿನಿಂದ ಕಡಲಿಗೆ ಬಿಡುತ್ತಾ ಹೋಗುತ್ತಾರೆ. ಹಾಸುವಾಗ ಪೈಪ್ ಖಾಲಿ. ಒಳಗೆ ಗಾಳಿ, ಹೊರಗೆ 150-200 ಬಾರ್. ಹೆಚ್ಚಿನವರು ಪೈಪ್ ಸಿಡಿಯುತ್ತದೆ ಅಂತ ಹೆದರುತ್ತಾರೆ. ಆಳ ನೀರಿನಲ್ಲಿ ಹೆದರಬೇಕಾದ್ದು ಚಪ್ಪಟೆಯಾಗುವುದಕ್ಕೆ. ಒಂದು ಕಡೆ ನೆಗ್ಗಿದರೆ ಆ ನೆಗ್ಗು ಜಿಪ್ ಎಳೆದ ಹಾಗೆ ಕಿಲೋಮೀಟರ್‌ಗಟ್ಟಲೆ ಓಡುತ್ತದೆ. ಅದನ್ನು ತಡೆಯಲು ನಡುನಡುವೆ ದಪ್ಪ ಉಕ್ಕಿನ ಬಳೆ ಕೂರಿಸುತ್ತಾರೆ.

ತಳದ ನೆಲವೂ ನಂಬಿಕಸ್ಥವಲ್ಲ. ಓರ್ಮೆನ್ ಲಾಂಗೆಗೆ ಹತ್ತು ವರ್ಷ ಹಿಡಿಯಲು ಒಂದು ಕಾರಣ ಇದೇ. ಆ ಕ್ಷೇತ್ರ ಕುಳಿತಿರುವುದು ಸ್ಟೋರೆಗ್ಗಾ ಅನ್ನುವ ಭಾರೀ ಕುಸಿತದ ಗಾಯದೊಳಗೆ. ಸುಮಾರು 8,200 ವರ್ಷದ ಹಿಂದೆ ಅಲ್ಲಿ ಕಡಲ ತಳದ ಇಳಿಜಾರು ಜಾರಿ, ಸುಮಾರು 3,000 ಘನ ಕಿಲೋಮೀಟರ್ ಮಣ್ಣು ಆಳಕ್ಕೆ ಹರಿದಿತ್ತು. ಅದರಿಂದ ಎದ್ದ ಸುನಾಮಿಯ ಮರಳು ಸ್ಕಾಟ್‌ಲೆಂಡ್ ತೀರದಲ್ಲಿ ಇಂದಿಗೂ ಪದರವಾಗಿ ಸಿಗುತ್ತದೆ. ಅಂಥ ಜಾಗದಲ್ಲಿ ಬಾವಿ ತೋಡಿ, ಕೆಳಗಿನ ಒತ್ತಡ ಇಳಿಸಿದರೆ ಮತ್ತೆ ಜಾರೀತೇ? ಇದಕ್ಕೆ ಉತ್ತರ ಸಿಗದೆ ಯಾರೂ ಒಪ್ಪಿಗೆ ಕೊಡುತ್ತಿರಲಿಲ್ಲ, ಕೊಡಲೂಬಾರದು. ವರ್ಷಗಟ್ಟಲೆ ಮಣ್ಣಿನ ಮಾದರಿ ತೆಗೆದು ನೋಡಿದ ಮೇಲೆ ಗೊತ್ತಾಗಿದ್ದು, ಹಿಮಯುಗದಲ್ಲಿ ಬಂದು ಬಿದ್ದ ಮೆತ್ತನೆಯ ಮಣ್ಣು ಆಗಲೇ ಜಾರಿ ಮುಗಿದಿದೆ, ಹಾಗೆ ಮತ್ತೆ ಕೂಡಿಕೊಳ್ಳಲು ಇನ್ನೊಂದು ಹಿಮಯುಗವೇ ಬರಬೇಕು ಅಂತ. ಆಮೇಲೂ ಪೈಪಿಗೆ ದಾರಿ ಹುಡುಕುವುದು ಸಾಹಸವೇ ಆಯಿತು. ಕುಸಿತದ ಅವಶೇಷವೆಲ್ಲ ಗುಡ್ಡದಂಥ ದಿಬ್ಬಗಳಾಗಿ ನಿಂತಿದ್ದವು.

ಗ್ಯಾಸ್ ದಡ ಮುಟ್ಟಿದ ದಿನ ಫೋಟೋ ತೆಗೆಸಿಕೊಳ್ಳುತ್ತಾರೆ. ಅಲ್ಲಿಂದ ಕ್ಷೇತ್ರಕ್ಕೆ ವಯಸ್ಸಾಗತೊಡಗುತ್ತದೆ. ಒತ್ತಡ ಇಳಿದಂತೆ ನೂರು ಕಿಲೋಮೀಟರ್ ತಳ್ಳುವ ಶಕ್ತಿ ಉಳಿಯುವುದಿಲ್ಲ. ನೆಲದಡಿ ಇನ್ನೂ ಗ್ಯಾಸ್ ಇರುತ್ತದೆ, ದಡಕ್ಕೆ ಬರುವುದಿಲ್ಲ. ಆಗ ಕಂಪ್ರೆಸರ್ ಬೇಕು, ಬಾವಿಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ನಾರ್ವೆಯ ಓಸ್ಗಾರ್ಡ್‌ನಲ್ಲಿ 2015ರಲ್ಲಿ ಸುಮಾರು 300 ಮೀಟರ್ ಆಳದಲ್ಲಿ ಕಂಪ್ರೆಸರನ್ನೇ ಕಡಲ ತಳದಲ್ಲಿ ಕೂರಿಸಿದರು. ಜಗತ್ತಿನಲ್ಲಿ ಅದೇ ಮೊದಲು. ಕಾರ್ಖಾನೆಯಲ್ಲಿ ನಾಲ್ಕು ಜನ ಕಾಯುವ ಯಂತ್ರವನ್ನು ಯಾರೂ ಇಲ್ಲದ ಕಡೆ ಬಿಟ್ಟು ಬರುವ ಧೈರ್ಯ ನನಗೆ ಇಂದಿಗೂ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ಶತ್ರು ನೀರು. ನಿಕ್ಷೇಪದ ಕೆಳಗಿನ ಉಪ್ಪುನೀರು ಬಾವಿಗೆ ನುಗ್ಗಿದರೆ ಗ್ಯಾಸ್ ಅದನ್ನು ಎತ್ತಲಾರದೆ ಬಾವಿ ಸಾಯುತ್ತದೆ. ಸಾಯದಿದ್ದರೂ ಆ ಉಪ್ಪು ಗ್ಲೈಕಾಲ್ ಸುತ್ತಿಗೆ ಸೇರಿ ದಡದ ಬಾಯ್ಲರ್‌ಗಳಲ್ಲೆಲ್ಲ ಕಟ್ಟಿಕೊಳ್ಳುತ್ತದೆ.

ಇದೆಲ್ಲ ಒಂದೇ ಕಡೆ ನೋಡಬೇಕಾದರೆ ಬಂಗಾಳ ಕೊಲ್ಲಿಯಲ್ಲಿ ಕೃಷ್ಣಾ-ಗೋದಾವರಿ ಮುಖದ ಆಚೆ ಇರುವ ಕೆಜಿ-ಡಿ6 ಗ್ಯಾಸ್ ಬ್ಲಾಕ್ ನೋಡಿ. ಗ್ಯಾಸ್ ಸಿಕ್ಕಿದ್ದು 2002ರಲ್ಲಿ. 2009ರ ಏಪ್ರಿಲ್‌ನಲ್ಲಿ ಕಾಕಿನಾಡ ಬಳಿಯ ಗಾಡಿಮೊಗ ಘಟಕಕ್ಕೆ ಹರಿದು ಬಂತು. ದಿನಕ್ಕೆ 8 ಕೋಟಿ ಘನ ಮೀಟರ್ ಅನ್ನುವ ಗುರಿಗೆ ತಕ್ಕಂತೆ ಪೈಪು, ಪ್ಲಾಟ್‌ಫಾರ್ಮ್, ದಡದ ಘಟಕ ಎಲ್ಲವನ್ನೂ ಕಟ್ಟಿದ್ದರು. ಒಂದು ವರ್ಷದೊಳಗೆ 6 ಕೋಟಿ ಮುಟ್ಟಿತು. ಆಮೇಲೆ ಇಳಿಯತೊಡಗಿದ್ದು ನಿಲ್ಲಲೇ ಇಲ್ಲ. ಬಾವಿಗಳಿಗೆ ನೀರು, ಮರಳು ನುಗ್ಗಿದವು, ನಿಕ್ಷೇಪದ ಅಂದಾಜನ್ನೇ ಬಹಳ ಇಳಿಸಬೇಕಾಯಿತು, ತಪ್ಪು ಯಾರದು ಅಂತ ಸರ್ಕಾರ ಮತ್ತು ಕಂಪನಿಯ ನಡುವೆ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಮೊದಲ ಎರಡು ಕ್ಷೇತ್ರಗಳು 2020ರ ಫೆಬ್ರುವರಿಯಲ್ಲಿ ಮುಚ್ಚಿದವು. ಅಷ್ಟು ದೊಡ್ಡ ಪೈಪು ಖಾಲಿ ಬಿತ್ತು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಪಕ್ಕದ ಆರ್ ಕ್ಲಸ್ಟರ್ ಶುರುವಾಯಿತು. 2,000 ಮೀಟರ್‌ಗೂ ಆಳದ ನೀರಿನಿಂದ ಸುಮಾರು 60 ಕಿ.ಮೀ. ಹೊಸ ಪೈಪ್ ಎಳೆದು, ಹಳೆಯ ಪ್ಲಾಟ್‌ಫಾರ್ಮಿಗೆ ಜೋಡಿಸಿದರು. 2021ರಲ್ಲಿ ಇನ್ನೊಂದು, 2023ರಲ್ಲಿ ಮತ್ತೊಂದು ಕ್ಷೇತ್ರ ಅದಕ್ಕೇ ಬಂದು ಸೇರಿದವು. ಯಾವ ಗ್ಯಾಸ್‌ಗೆ ಅಂತ ಅಳತೆ ಹಾಕಿ ಪೈಪ್ ತಂದಿದ್ದರೋ ಅದು ಬರಲಿಲ್ಲ. ಬೇರೆಯದು ಬಂತು, ಹನ್ನೊಂದು ವರ್ಷ ತಡವಾಗಿ.